ಅಗಸೆ ಬಾಗಿಲಿಗೆ ನಾವು ಕಲಿಸಿದ್ದು

ಬೇರೆ ಊರುಗಳಲ್ಲಿ ಇ-ಮೇಲ್‌ಗಳು ಗಾಜಿನ ಪರದೆಯ ಮೇಲೆ ಮೂಡುತ್ತವಂತೆ. ನಮ್ಮೂರಿಗೆ ಅವು ನಡೆದುಕೊಂಡು ಬರುತ್ತವೆ. ಮಗಳ ಮನೆಯಿಂದ ಬಂದ ಮೇಲ್ ಮಗಳ ಹಾಗೆಯೇ ಸೆರಗು ಸಿಕ್ಕಿಸಿಕೊಂಡು ಬರುತ್ತದೆ, ಕರೆಂಟ್ ಬಿಲ್ಲಿನ ಮೇಲ್ ಮುಖ ಗಂಟಿಕ್ಕಿಕೊಂಡು ಬರುತ್ತದೆ. ಯಾರ ಹೆಸರಿಗೆ ಬಂದಿದೆಯೋ ಅವರ ಮನೆಯ ಕಟ್ಟೆಯ ಮೇಲೆ ಕೂತು, ಹೇಳಬೇಕಾದ್ದನ್ನು ಹೇಳಿ ಮುಗಿಸುತ್ತದೆ. ಸಾಕು ಎಂದರೆ ಅಲ್ಲೇ ಕರಗಿಹೋಗುತ್ತದೆ. ಇರು ಎಂದರೆ ಎಷ್ಟು ವರ್ಷ ಬೇಕಾದರೂ ಇರುತ್ತದೆ, ಊಟ ಕೇಳುವುದಿಲ್ಲ, ಹಾಸಿಗೆ ಕೇಳುವುದಿಲ್ಲ. ಎಷ್ಟೋ ಮನೆಗಳ ಪಡಸಾಲೆಯಲ್ಲಿ ಹಳೆಯ ಮೇಲ್‌ಗಳು ಗೋಡೆಗೆ ಒರಗಿ ಕೂತಿರುವುದನ್ನು ನೀವು ನೋಡಬಹುದು.

ನನ್ನ ಹೆಸರು ಕಸ್ತೂರಿ. ಊರ ಅಗಸೆಯ ಪಕ್ಕದಲ್ಲಿರುವ ತಡೆಮನೆಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಗಸೆ ಅಂದರೆ ಊರೊಳಗೆ ಬರುವ ದೊಡ್ಡ ಬಾಗಿಲು, ತೇಗದ ಎರಡು ಹಲಗೆ, ಅವುಗಳಿಗೆ ಕಬ್ಬಿಣದ ಪಟ್ಟಿ. ಬಂದ ಮೇಲ್‌ನ ಮೊದಲ ಮಾತು ಕೇಳಿ ನಂಬಿಕೆ ಬಂದರೆ ಅದು ತಾನೇ ತೆರೆದುಕೊಳ್ಳುತ್ತದೆ. ಅನುಮಾನ ಬಂದರೆ ಬಿಗಿದುಕೊಂಡು ನಿಲ್ಲುತ್ತದೆ. ಆಗ ಆ ಮೇಲ್ ಗೋಡೆಯ ಗುಂಟ ಸರಿದು ನನ್ನ ತಡೆಮನೆಗೆ ಬಂದು ಕೂರಬೇಕು. ನಾನು ಬೀದಿ ಬೀದಿ ತಿರುಗಿ, "ಯಲ್ಲಪ್ಪಾ, ನಿನ್ನ ಹೆಸರಿಗೆ ಒಂದು ಕುಂತೈತಿ, ಇಂಥಾದ್ದು ಹೇಳಾಕತ್ತೈತಿ, ಬೇಕೋ ಬ್ಯಾಡೋ?" ಎಂದು ಕೂಗುತ್ತೇನೆ. ಬೇಕೆಂದರೆ ಹೆಸರಿನವರೇ ಬಂದು ಅಗಸೆಗೆ ಅಂಗೈ ಒತ್ತಿ "ಇದು ನಮ್ಮದು" ಅನ್ನಬೇಕು. ಬೇಡವಾದರೆ ಮುಷ್ಟಿಯಿಂದ ಗುದ್ದಿ "ಕಸ" ಅನ್ನಬೇಕು. ಎರಡನ್ನೂ ಅಗಸೆ ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಅದರಂತೆ ನಡೆಯುತ್ತದೆ. ಯಾರೂ ಬರದಿದ್ದರೆ ಹೊತ್ತು ಮುಳುಗಿದೊಡನೆ ಆ ಮೇಲ್ ಒಂದು ಹಿಡಿ ಬೂದಿಯಾಗುತ್ತದೆ, ಅದನ್ನು ಗುಡಿಸುವುದೂ ನಾನೇ.

ನನ್ನ ತಡೆಮನೆಯ ಮಂದಿಯನ್ನು ನೀವು ನೋಡಬೇಕು. ಯಾವುದೋ ದೂರದೇಶದ ಸೇನಾಪತಿಯ ವಿಧವೆ ದಿನವೂ ಒಬ್ಬಳಾದರೂ ಇರುತ್ತಾಳೆ. ಗಂಡ ಬಿಟ್ಟುಹೋದ ಆಸ್ತಿಯನ್ನು ಎಮ್ಮೆ ಕಾಯುವ ನಮ್ಮ ಯಲ್ಲಪ್ಪನಿಗೇ ಕೊಡಬೇಕೆಂದು ಹಟ ಹಿಡಿದು ಅಳುತ್ತಾಳೆ. ಬೋಳುತಲೆಯಲ್ಲಿ ಕೂದಲು ಬೆಳೆಸುವ ಎಣ್ಣೆಯವನೊಬ್ಬ, ತಾನೇ ಬೋಳ. ಕೋಟು ತೊಟ್ಟ ಬ್ಯಾಂಕಿನವನು ನಿಮ್ಮ ಖಾತೆ ಮುಚ್ಚಿಹೋಗುತ್ತದೆ ಎಂದು ಗದರಿಸುತ್ತಾನೆ, ಕಾಲಿಗೆ ನೋಡಿದರೆ ಸಮುದ್ರದ ಮರಳು. ನಮ್ಮ ಬ್ಯಾಂಕಿನ ಸುತ್ತಮುತ್ತ ಸಮುದ್ರ ಎಲ್ಲಿಂದ ಬರಬೇಕು? ನನಗೆ ಗೊತ್ತಿರುವ ಗುಟ್ಟು ಇಷ್ಟೇ. ಮೇಲ್‌ಗಳ ಬಾಯಿ ಏನು ಬೇಕಾದರೂ ಹೇಳೀತು, ಆದರೆ ಕಾಲಿನ ಧೂಳು ಹೊರಟ ಜಾಗದ್ದೇ ಆಗಿರುತ್ತದೆ. ದಿನಾ ನೆಲ ಗುಡಿಸುವವಳಿಗೆ ಇದು ತಿಳಿಯದೆ ಹೇಗಿರುತ್ತದೆ ಹೇಳಿ.

ನನ್ನ ಗಂಡ ಪದ್ಮಣ್ಣ. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಹೇಳಿಕೊಟ್ಟಿದ್ದರು. ಆದರೆ ಬೀದಿಯಲ್ಲಿ ನಿಂತು ಅವರ ಹೆಸರನ್ನೂ ಕೂಗುವ ಕೆಲಸಕ್ಕೆ ಸೇರಿದ ಮೇಲೆ ಆ ನಾಚಿಕೆ ಬಿಟ್ಟುಹೋಯಿತು. ಅವರದು ಹಿಟ್ಟಿನ ಗಿರಣಿ. ಒಂದು ಕಣ್ಣು ಚಿಕ್ಕಂದಿನಲ್ಲಿ ದಡಾರದಲ್ಲಿ ಹೋಗಿತ್ತು. ಇನ್ನೊಂದಕ್ಕೆ ಜೋಳದ ಹೊಟ್ಟು ಹಾರಿ ಬಿದ್ದು, ಹುಣ್ಣಾಗಿ, ಬಿಳಿ ಹೂ ಬಿತ್ತು. ಆಮೇಲೂ ಗಿರಣಿ ನಿಲ್ಲಲಿಲ್ಲ. ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನುಣುಪು ಹೇಳುತ್ತಿದ್ದರು. ಮಂದಿಯ ಜೊತೆ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತ್ರ ನನ್ನ ಮುಖದ ಕಡೆ ತಿರುಗಿ ಕೂತು, "ನೀ ಈಗ ಹ್ಯಾಂಗ ಕಾಣಸ್ತಿ?" ಎಂದು ಕೇಳುತ್ತಿದ್ದರು. "ಮುದುಕಿ ಆಗೇನ್ರಿ, ನೋಡದಿದ್ರೂ ನಡೀತೈತಿ" ಎಂದು ನಾನು ಚೇಷ್ಟೆ ಮಾಡಿದರೆ ಅವರು ನಗುತ್ತಿರಲಿಲ್ಲ.

ದೂರದ ಪಟ್ಟಣದ ಧರ್ಮಾಸ್ಪತ್ರೆಗೆ ಕರೆದುಕೊಂಡು ಹೋದೆ. ಯಾರಾದರೂ ಸತ್ತ ಮೇಲೆ ಅವರ ಮನೆಯವರು ಕಣ್ಣು ಕೊಟ್ಟರೆ ಇವರಿಗೆ ಹಾಕಬಹುದು ಎಂದರು. ಪಾಳಿ ಬಂದಾಗ ಮೇಲ್ ಕಳಿಸುತ್ತೇವೆ, ಬಂದ ದಿನವೇ ಹೊತ್ತು ಮುಳುಗುವುದರೊಳಗೆ ಆ ಮೇಲ್‌ನ ಕೈಯಲ್ಲೇ 'ಹ್ಞೂಂ' ಎಂದು ಉತ್ತರ ಕಳಿಸಬೇಕು, ಇಲ್ಲದಿದ್ದರೆ ಕಣ್ಣು ಮುಂದಿನವರಿಗೆ ಹೋಗುತ್ತದೆ ಎಂದೂ ಹೇಳಿದರು. ಆ ಆಸ್ಪತ್ರೆಯ ಅಂಗಳದ ತುಂಬ ಕರಿ ಇದ್ದಿಲ ಪುಡಿ ಹಾಸಿದ್ದರು, ನಡುವೆ ಒಂದು ಬೇವಿನ ಮರ. ಅದರ ಕಟ್ಟೆಯ ಮೇಲೆ ಅರ್ಧ ದಿನ ಕೂತಿದ್ದೆವು. ಪದ್ಮಣ್ಣ ಚಪ್ಪಲಿ ಬಿಟ್ಟು ಕಾಲು ಇಳಿಬಿಟ್ಟಿದ್ದರು, ಉದುರಿದ ಬೇವಿನ ಹಣ್ಣು ಅಂಗಾಲಿಗೆ ಅಂಟಿ ಮನೆಗೆ ಬರುವವರೆಗೂ ಬೈಯುತ್ತಿದ್ದರು.

ಪಾಳಿ ಬರಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಹೋಯಿತು. ಆಗ ಬಿಳಿ ಕೋಟಿನ ಒಂದು ಮೇಲ್ ಬಂತು. ಅದು ಬೆಣ್ಣೆಯಂಥ ಮಾತಿನದು, ಅಗಸೆಯೇ ಮೋಸಹೋಗಿ ನೆಟ್ಟಗೆ ನಮ್ಮ ಮನೆಗೆ ಬಿಟ್ಟಿತು. ನಾನು ತಡೆಮನೆಯಲ್ಲಿದ್ದೆ, ಅದರ ಕಾಲು ನೋಡುವ ಅವಕಾಶವೇ ಸಿಗಲಿಲ್ಲ. ಇವರು ಅದು ಹೇಳಿದ ಕಣ್ಣಿನ ಹನಿ ತರಿಸಿಕೊಂಡರು. ಮುಂದಿನ ಸೋಮವಾರ ನಿಮ್ಮನ್ನೆಲ್ಲ ನೋಡುತ್ತೇನೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ಸೋಮವಾರ ಬಂತು, ಕಣ್ಣು ಉರಿದು ಕೆಂಪಗಾದದ್ದು ಬಿಟ್ಟರೆ ಮತ್ತೇನೂ ಆಗಲಿಲ್ಲ. ಅವತ್ತು ಇವರು ಗೋಡೆ ಹಿಡಿದುಕೊಂಡು ಒಬ್ಬರೇ ಅಗಸೆಗೆ ಹೋದರು. "ಕಣ್ಣು ಅಂತ ಬಂದದ್ದೆಲ್ಲಾ ಕಸ! ಕಸ! ಕಸ!" ಎಂದು ಬೆರಳಗೆಣ್ಣು ಸುಲಿಯುವವರೆಗೆ ಗುದ್ದಿದರು. ಯಾರೂ ತಡೆಯಲಿಲ್ಲ, ನನಗೂ ತಡೆಯುವ ಧೈರ್ಯ ಬರಲಿಲ್ಲ.

ಈಗ ಹೇಳುವುದು ಅದಾದ ಎಷ್ಟೋ ದಿನಗಳ ಮೇಲಿನ ಮಾತು. ಬೆಳಿಗ್ಗೆ ತಡೆಮನೆಗೆ ಹೋದರೆ ಒಬ್ಬ ಸಣ್ಣ ಪ್ರಾಯದ ಹೆಣ್ಣುಮಗಳು, ನೂಲಿನ ಸೀರೆ, ಬರಿಗಾಲು, ಏದುಸಿರು ಬಿಡುತ್ತ ನಿಂತಿದ್ದಳು. "ಪದ್ಮಣ್ಣನವರಿಗೆ ಅಭಿನಂದನೆಗಳು. ಕಣ್ಣು ಸಿಕ್ಕಿದೆ. ಪೂರ್ತಿ ಉಚಿತ. ತುರ್ತಾಗಿ ಬನ್ನಿ" ಅಂದಳು. ತಡೆಮನೆಯಲ್ಲಿ ಮೇಲ್‌ಗಳು ಮೊದಲ ಮಾತನ್ನು ಬಿಟ್ಟು ಬೇರೇನೂ ಹೇಳುವುದಿಲ್ಲ, ಉತ್ತರವನ್ನೂ ತೆಗೆದುಕೊಳ್ಳುವುದಿಲ್ಲ, ಉಳಿದದ್ದೆಲ್ಲ ಅಗಸೆ ದಾಟಿದ ಮೇಲೆ ಹೆಸರಿನವರಿಗೇ. ಎಣ್ಣೆಯವನು ಪಕ್ಕಕ್ಕೆ ಸರಿದು, "ಬಾ ತಂಗಿ, ನಮ್ಮಾಕೀನ ಅದಿ, ಕುಂದ್ರು" ಎಂದು ಜಾಗ ಕೊಟ್ಟ. ಸೇನಾಪತಿಯ ವಿಧವೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ಅಳೋದು ಕಲೀಬೇಕವ್ವಾ, ಬರೇ ಮಾತಿಗೆ ಯಾರ ನಂಬ್ತಾರ?" ಅಂದಳು. ನಾನೂ ನಂಬಲಿಲ್ಲ. ಪೊರಕೆ ತೆಗೆದುಕೊಂಡು ನನ್ನ ಕೆಲಸಕ್ಕೆ ತೊಡಗಿದೆ.

ಅವಳು ನಿಂತಲ್ಲಿ ಪೊರಕೆ ಆಡಿಸಿದಾಗ ನೆಲದ ಮೇಲೆ ಕರಿ ಗೆರೆ ಎದ್ದಿತು. ಬಗ್ಗಿ ನೋಡಿದೆ, ಇದ್ದಿಲ ಪುಡಿ. "ಕಾಲು ಎತ್ತವಾ" ಅಂದೆ. ಎತ್ತಿದಳು. ಹಿಮ್ಮಡಿಗೆ ಹಳದಿ ಬೇವಿನ ಹಣ್ಣು ಜಜ್ಜಿ ಅಂಟಿಕೊಂಡಿತ್ತು. ಪುಡಿಯನ್ನೂ ಹಣ್ಣನ್ನೂ ಕೆರೆದು ಸೆರಗಿಗೆ ಕಟ್ಟಿಕೊಂಡು ಗಿರಣಿಗೆ ಓಡಿದೆ.

ಗಿರಣಿಯ ಸದ್ದಿನಲ್ಲಿ ಮೂರು ಸಲ ಕೂಗಬೇಕಾಯಿತು. ಮೇಲ್ ಹೇಳಿದ್ದನ್ನು ಹೇಳಿದೆ. ಪದ್ಮಣ್ಣ ಹಿಟ್ಟಿನ ಚೀಲದಿಂದ ಕೈ ತೆಗೆಯಲೇ ಇಲ್ಲ.

"ಕಸ ಅನ್ನು."

"ಒಮ್ಮೆ ಬಂದು ಕೇಳ್ರಿ."

"ಕಸ್ತೂರಿ, ನಾ ಒಮ್ಮೆ ಕೇಳಿ ಸಾಕಾಗೇತಿ. ಓಣ್ಯಾಗ ಇನ್ನೂ ಸೋಮವಾರ ಅಂತ ಹೆಸರಿಟ್ಟು ಕರೀತಾರ ನನ್ನ."

ನಾನು ಅವರ ಕೈ ಹಿಡಿದು ಹಿಟ್ಟು ಒರೆಸಿ, ಅಂಗೈಗೆ ಸೆರಗಿನ ಗಂಟು ಬಿಚ್ಚಿ ಸುರಿದೆ. ಅವರ ಬೆರಳುಗಳು ತಾವಾಗಿಯೇ ಉಜ್ಜತೊಡಗಿದವು. ಮೂಗಿನ ಹತ್ತಿರ ತಂದರು. ಮತ್ತೆ ಉಜ್ಜಿದರು. ಆಮೇಲೆ ಕೈ ಚಾಚಿ ಗಿರಣಿಯ ಸ್ವಿಚ್ ಆರಿಸಿದರು. ಪಟ್ಟಿ ತಿರುಗಿ ತಿರುಗಿ ನಿಂತಿತು.

"ಆ ಕಟ್ಟಿ ಕೆಳಗಿಂದು" ಅಂದರು. ಪುಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಮತ್ತ ಸುಳ್ಳಾದ್ರ?" ಎಂದು ಕೇಳಿದರು. ಮದುವೆಯಾದಾಗಿನಿಂದ ಆ ದನಿ ನಾನು ಕೇಳಿರಲಿಲ್ಲ.

"ಸುಳ್ಳಾದ್ರ ಇಬ್ಬರೂ ಕೂಡಿ ಬೈಯೂಣು. ಏಳ್ರಿ."

ಅಗಸೆಗೆ ಬಂದೆವು. ಪದ್ಮಣ್ಣ ಅಂಗೈ ಒತ್ತಿ "ಇದು ನಮ್ಮದು" ಅಂದರು. ಅಗಸೆ ಅಲುಗಲಿಲ್ಲ. ಮತ್ತೊಮ್ಮೆ ಅಂದರು, ಎರಡೂ ಕೈ ಇಟ್ಟು ಅಂದರು. ಬಾಗಿಲು ಇನ್ನೂ ಬಿಗಿಯಿತು, ಕಬ್ಬಿಣದ ಪಟ್ಟಿ ಕಿರ್ ಎಂದಿತು. ಅಷ್ಟು ಗುದ್ದು ತಿಂದದ್ದು ಒಂದು ಮಾತಿಗೆ ಹೇಗೆ ನಂಬಬೇಕು? ಹೊತ್ತು ನೆತ್ತಿಯಿಂದ ಇಳಿದಿತ್ತು. ಜನ ಸೇರಿದರು. ಯಲ್ಲಪ್ಪ ಹಾರೆ ತರುತ್ತೇನೆ ಅಂದ. "ಮುರದ್ರ ನಾಳಿಂದ ಆ ಬ್ಯಾಂಕಿನಾಂವ ನಿನ್ನ ಮನ್ಯಾಗ ಮಲಗತಾನ, ಸುಮ್ನಿರು" ಎಂದು ಗದರಿದೆ. ಪದ್ಮಣ್ಣ ನೆಲಕ್ಕೆ ಕೂತುಬಿಟ್ಟರು. "ನಾನ ಮುಚ್ಚಿದ್ದು, ಕಸ್ತೂರಿ" ಅಂದರು.

ಏನು ಮಾಡಲೂ ತೋಚದೆ ಬಾಗಿಲನ್ನೇ ನೋಡುತ್ತ ನಿಂತೆ. ಮುಷ್ಟಿ ಬೀಳುವ ಎತ್ತರದಲ್ಲಿ ಮರ ತಗ್ಗುಬಿದ್ದು ಹೊಳೆಯುತ್ತಿತ್ತು. ಅಂಗೈ ಒತ್ತುವ ಕಡೆ ಸಿಬಿರು ಎದ್ದಿತ್ತು, ಪದ್ಮಣ್ಣ ಕೈಯಿಟ್ಟ ಜಾಗ ಬಿಟ್ಟು ಉಳಿದೆಡೆ ಜೇಡರ ಬಲೆ. ದಿನವೂ ಕೀಲುಗಳಿಗೆ ಎಣ್ಣೆ ಹಚ್ಚುವವಳು ನಾನೇ, ಆದರೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಒಳ್ಳೆಯ ಮೇಲ್ ಬಂದರೆ ಅಗಸೆ ತಾನೇ ಬಿಡುತ್ತದೆ, ಅದು ಮನೆಗೆ ಬರುತ್ತದೆ, ನಾವು ಖುಷಿಪಡುತ್ತೇವೆ. ಮತ್ತೆ ಅಗಸೆಯ ತನಕ ನಡೆದುಹೋಗಿ "ಇದು ನಮ್ಮದಿತ್ತು, ಚಲೋ ಮಾಡಿದಿ" ಎಂದು ಹೇಳಿದವರು ಯಾರು? ಸಿಟ್ಟು ಬಂದಾಗ ಮಾತ್ರ ಎಲ್ಲರೂ ಓಡಿ ಬಂದಿದ್ದೆವು. ಬೀಗರಿಂದ ಬಂದ ಮೇಲ್ ಬೇಸರ ತಂದರೆ ಕಸ, ಸಾಲೆಯವರು ಮಗನ ಮೇಲೆ ದೂರು ಹೇಳಿದರೆ ಕಸ. ನಮ್ಮದು ಯಾವುದು ಎಂದು ಅದಕ್ಕೆ ಯಾರೂ ತೋರಿಸಿರಲೇ ಇಲ್ಲ.

ಸೆರಗು ಬಿಗಿದು ಬೀದಿಗೆ ಇಳಿದೆ. ದಿನಾ ಕೂಗುವ ಬಾಯಿ, ಅವತ್ತು ಎರಡರಷ್ಟು ಕೂಗಿತು. "ಯವ್ವಾ, ಯಪ್ಪಾ, ಯಾರ ಮನ್ಯಾಗ ಖರೇ ಅಭಿನಂದನೆ ಐತಿ? ಯಾರ ಮನ್ಯಾಗ ಖರೇ ತುರ್ತು ಐತಿ? ಖರೇ ಉಚಿತ ಯಾರ ಹತ್ರ ಐತಿ? ಇಟ್ಟಕೊಂಡಿದ್ರ ಎಬ್ಬಿಸಿಕೊಂಡು ಅಗಸಿಗೆ ಬರ್‍ರಿ! ನಮ್ಮನಿಯವರ ಕಣ್ಣು ತಡೆಮನ್ಯಾಗ ಕುಂತೈತಿ!"

ಮೊದಲು ಬಂದವರು ರೆಹಮಾನಬಿ ಅಜ್ಜಿ. ಅವರ ಪಡಸಾಲೆಯಲ್ಲಿ ಅಳಿಯನ ಹಳೆಯ ಮೇಲ್ ಒಂದು ಇತ್ತು. ಅಂಗಿ ಗುಂಡಿ ಅಡ್ಡತಿಡ್ಡ ಹಾಕಿಕೊಂಡು ಓಡಿಬಂದು "ತುರ್ತು! ಅವಳಿ ಮಕ್ಕಳು!" ಎಂದಿದ್ದ ಮೇಲ್ ಅದು. ಆ ಅವಳಿಗಳಿಗೆ ಈಗ ಮೀಸೆ ಬಂದಿದೆ, ಮೇಲ್ ಮಾತ್ರ ಇನ್ನೂ ಏದುಸಿರು ಬಿಡುತ್ತಿತ್ತು. ಅಜ್ಜಿ ಅದರ ಕೈಹಿಡಿದು ಅಗಸೆಯಿಂದ ಹೊರಗೆ ನಡೆಸಿದರು. ಹೊರಗೆ ಹೋಗುವವರನ್ನು ಅಗಸೆ ತಡೆಯುವುದಿಲ್ಲ. ತಿರುಗಿ ಬಂದು ನಿಂತಾಗ ಮೇಲ್ "ತುರ್ತು!" ಅಂದಿತು, ಅಗಸೆ ಬಿಗಿಯಿತು. ಅಜ್ಜಿ ಅಂಗೈ ಇಟ್ಟು, ಮೊಮ್ಮಗನ ಬೆನ್ನು ಸವರುವ ಹಾಗೆ ಸವರಿ, "ಇದು ನಮ್ಮದಪಾ. ಅವತ್ತ ನೀ ಬಿಟ್ಟಿ ಅಂತ ನಾ ಹೆರಿಗಿ ಹೊತ್ತಿಗೆ ಮಗಳ ಹತ್ರ ಮುಟ್ಟಿದೆ. ಹೇಳೋದು ಮರತಿದ್ದೆ" ಅಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಗಿಲು ಒಂದು ಗೇಣು ತೆರೆಯಿತು, ಮೇಲ್ ಅಡ್ಡಡ್ಡ ತೂರಿಕೊಂಡು ಒಳಗೆ ಬಂತು.

ಹಿಂದೆಯೇ ಹಲಗಲಿ ಮಾಸ್ತರರು ತಮ್ಮ ಉತ್ತಮ ಶಿಕ್ಷಕ ಪ್ರಶಸ್ತಿಯ "ಅಭಿನಂದನೆಗಳು" ಮೇಲ್ ತಂದರು, ಅದರ ಕೊರಳಲ್ಲಿ ಒಣಗಿದ ಹಾರವಿತ್ತು. ನಿಂಗವ್ವ ಹೊಲಿಗೆ ಮಷಿನ್ ಕೊಡಿಸಿದ "ಉಚಿತ" ಮೇಲ್ ತಂದಳು. "ಇದು ಬಂತಂತ ನಮ್ಮ ಮನ್ಯಾಗ ಒಲಿ ಉರೀತು, ಇದು ನಮ್ಮದು" ಎಂದು ಅಗಸೆಗೆ ಹಣೆ ಹಚ್ಚಿದಳು. ಸುದ್ದಿ ಹರಡಿತು, ಸಾಲು ಬೆಳೆಯಿತು. ಪ್ರೀತಿಗೆ ಒಪ್ಪಿದ ಮೇಲ್, ಪಾಸಾದ ಮೇಲ್, ತವರಿನಿಂದ ಬಂದ "ಆರಾಮ ಅದೀವಿ" ಎಂಬ ಒಂದೇ ಮಾತಿನ ಮೇಲ್, ಎಲ್ಲ ಹೊರಗೆ ಹೋಗಿ ಒಳಗೆ ಬಂದವು. ಪ್ರತಿಯೊಂದಕ್ಕೂ ಒಂದು ಅಂಗೈ ಬಿತ್ತು, ಒಂದು ಕತೆ ಬಿತ್ತು. ಅಷ್ಟೊಂದು ಒಳ್ಳೆಯ ಸುದ್ದಿ ನಮ್ಮೂರಿಗೆ ಬಂದಿತ್ತೆಂದು ನಮಗೇ ಗೊತ್ತಿರಲಿಲ್ಲ. ಅಗಸೆಗೂ ಧೈರ್ಯ ಬರುತ್ತ ಹೋಯಿತು. ಮೊದಲು ಗೇಣು, ಆಮೇಲೆ ಮೊಳ, ಆಮೇಲೆ ಪೂರ್ತಿ. ಇದೇ ಸಮಯವೆಂದು ಎಣ್ಣೆಯವನು ತಡೆಮನೆಯಿಂದ ಹೊರಬಿದ್ದು ಸಾಲಿನಲ್ಲಿ ಸೇರಿಕೊಂಡ. ಅಗಸೆ ಅವನ ಮೂಗಿನ ಮೇಲೆಯೇ ದಢಾರನೆ ಮುಚ್ಚಿತು. ಊರೆಲ್ಲ ನಕ್ಕಿತು, ನನಗೆ ಮಾತ್ರ ಅಳು ಬಂತು. ನಮ್ಮ ಬಾಗಿಲು ಕಲಿತಿತ್ತು.

ಹುಣಸೆಮರದ ಹಿಂದೆ ಹೊತ್ತು ಕೆಂಪಗಾಗಿತ್ತು. ತಡೆಮನೆಯಲ್ಲಿ ನೂಲಿನ ಸೀರೆಯವಳ ಸೆರಗಿನ ಅಂಚು ಬೂದಿಯ ಬಣ್ಣಕ್ಕೆ ತಿರುಗತೊಡಗಿತ್ತು. ನಾನು ಪದ್ಮಣ್ಣನನ್ನು ಎಬ್ಬಿಸಿ ತಂದೆ. ಅವರು ತಾವು ಗುದ್ದಿದ್ದ ತಗ್ಗುಗಳನ್ನು ಬೆರಳಿನಿಂದ ಹುಡುಕಿ ಒಂದೊಂದನ್ನೇ ಸವರಿದರು. "ನನ್ನ ಸಂಕಟಕ್ಕ ನಿನ್ನ ಬಡದೆ. ಇದು ನಮ್ಮದು" ಎಂದು ಮೆಲ್ಲಗೆ ಹೇಳಿದರು.

ಅಗಸೆ ಎರಡೂ ಹಲಗೆ ಅಗಲಿಸಿ ತೆರೆದುಕೊಂಡಿತು. ಅವಳು ಓಡಿಬಂದು, ಉಳಿದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಕಣ್ಣು ತಯಾರಿದೆ, ನಾಳೆ ಬೆಳಿಗ್ಗೆ ಆಪರೇಷನ್, ಬರುತ್ತೀರಾ? "ಹ್ಞೂಂ" ಅಂದರು ಪದ್ಮಣ್ಣ. "ಹ್ಞೂಂ, ಹ್ಞೂಂ." ಬಗ್ಗಿ ಅವಳ ಪಾದ ಹುಡುಕಿ, ಇದ್ದಿಲು ಮೆತ್ತಿದ ಆ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅವಳು ಉತ್ತರ ಹೊತ್ತುಕೊಂಡು, ಬಂದ ದಾರಿಯಲ್ಲೇ ತಿರುಗಿ ಓಡಿದಳು. ನಾವು ಸಂಜೆಯ ಬಸ್ಸು ಹಿಡಿದೆವು.

ಪಟ್ಟಿ ಬಿಚ್ಚಿದ ದಿನ ಎಲ್ಲ ಮಂಜು ಮಂಜು ಅಂದರು. ತಿಂಗಳುಗಳು ಕಳೆದಂತೆ ತಿಳಿಯಾಯಿತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನನ್ನ ಮುಂದೆ ಬಂದು ಕುಳಿತು ಸುಮ್ಮನೆ ನೋಡಿದರು, "ಮುದುಕಿ ಅಂತ ಸುಳ್ಳ ಹೇಳಿದೆಲ್ಲ" ಅಂದರು. ರೊಟ್ಟಿ ಸೀದುಹೋಯಿತು. ಯಾರದೋ ಮನೆಯವರು ಎದೆಯೊಡೆದು ಅಳುತ್ತಿದ್ದ ಹೊತ್ತಿನಲ್ಲಿ, ಗುರುತಿಲ್ಲದ ನಮ್ಮನ್ನು ನೆನೆದು ಕಣ್ಣು ಕೊಟ್ಟಿದ್ದರು. ಆ ಋಣ ನೆನೆಯದೆ ನಾನು ಒಂದು ತುತ್ತೂ ಉಂಡಿಲ್ಲ.

ಅವರು ಯಾರೆಂದು ಆಸ್ಪತ್ರೆಯವರು ಹೇಳುವುದಿಲ್ಲ, ಆದರೆ ಮೇಲ್ ಕೊಟ್ಟರೆ ಮುಟ್ಟಿಸುತ್ತೇವೆ ಎಂದಿದ್ದರು. ಪದ್ಮಣ್ಣ "ಮಹನೀಯರೇ, ನಿಮಗೊಂದು ಶುಭ ಸುದ್ದಿ" ಎಂದು ಶುರುಮಾಡಿದರು. "ಹಿಂಗ ಹೋದ್ರ ಅವರೂರ ಅಗಸಿ ಮುಖದ ಮ್ಯಾಲ ಬಾಗಿಲಾ ಹಾಕತೈತಿ" ಎಂದು ನಾನು ದೊಡ್ಡ ಮಾತುಗಳನ್ನೆಲ್ಲ ತೆಗೆಸಿದೆ. ಕೊನೆಗೆ ಉಳಿದದ್ದು ಇಷ್ಟು: "ನಿಮ್ಮವರ ಕಣ್ಣು ಚಲೋ ಐತ್ರಿ. ನಿಮ್ಮನ್ನ ದಿನಾ ನೆನಸ್ತೀವಿ." ಮೇಲ್ ಹೊರಟಾಗ ಪದ್ಮಣ್ಣ ಅದರ ಪಾದಕ್ಕೆ ನಮ್ಮ ಗಿರಣಿಯ ಜೋಳದ ಹಿಟ್ಟು ಸವರಿ ಕಳಿಸಿದರು.

ಬಹಳ ದಿನ ಏನೂ ಬರಲಿಲ್ಲ. ಬರಬೇಕೆಂದೂ ಇರಲಿಲ್ಲ. ಒಂದು ಮಧ್ಯಾಹ್ನ ನಾನು ಅಗಸೆಗೆ ಎಣ್ಣೆ ಹಚ್ಚುತ್ತಿದ್ದೆ, ಕೈಯಡಿಯಲ್ಲೇ ಬಾಗಿಲು ತಾನಾಗಿ ತೆರೆದುಕೊಂಡಿತು. ಹೊರಗೆ ಹೆಗಲ ಮೇಲೆ ಟವೆಲ್ ಹಾಕಿದ ಹಿರಿಯರೊಬ್ಬರ ರೂಪದ ಮೇಲ್ ನಿಂತಿತ್ತು. ಕಾಲಿನ ಧೂಳು ನಾನು ಎಂದೂ ಕಾಣದ ಕೆಮ್ಮಣ್ಣು. ಅದು ಇನ್ನೂ ಬಾಯಿಯೇ ಬಿಟ್ಟಿರಲಿಲ್ಲ. ನಾನೇ ಕೈಹಿಡಿದು ಮನೆಗೆ ಕರೆದೊಯ್ದೆ. ಕಟ್ಟೆಯ ಮೇಲೆ ಕೂತು ಅದು ಪದ್ಮಣ್ಣನನ್ನು ನೋಡಿತು.

"ನಮ್ಮ ಹುಡುಗಿ ಕಣ್ಣು ಈಗ ಏನ್ ನೋಡಾಕತ್ತೈತ್ರಿ?" ಎಂದು ಕೇಳಿತು. ಅಷ್ಟೇ ಇತ್ತು ಆ ಮೇಲ್‌ನಲ್ಲಿ.

ಪದ್ಮಣ್ಣ ಹಿಟ್ಟಿನ ಕೈ ಒರೆಸಿಕೊಂಡರು. "ಏನ್ ನೋಡೋದು ಸೇರತಿತ್ರಿ ಆಕೀಗೆ?" ಎಂದು ತಿರುಗಿ ಕೇಳಿದರು.

ಆ ಪ್ರಶ್ನೆಯನ್ನು ಹೊತ್ತು ಮೇಲ್ ಹೋಯಿತು, ಮರುದಿನ ಉತ್ತರ ಹೊತ್ತು ಬಂತು. "ಸಾಲಿ ಬಿಟ್ಟಾಗ ಹುಡುಗರು ಓಡಿ ಬರತಾವಲ್ಲರೀ, ಅದನ್ನ. ಮನೀ ಬಾಗಲಾಗ ನಿಂತು ನೋಡಿ ನಗತಿದ್ಲು."

ನಮ್ಮೂರ ಸಾಲೆ ಇರುವುದು ಅಗಸೆಯ ಹತ್ತಿರವೇ. ಈಗ ಪ್ರತಿ ಸಂಜೆ ಗಂಟೆ ಬಾರಿಸುವ ಮೊದಲೇ ಪದ್ಮಣ್ಣ ಗಿರಣಿ ನಿಲ್ಲಿಸಿ ಬಂದು ಅಗಸೆಗೆ ಒರಗಿ ನಿಲ್ಲುತ್ತಾರೆ. ರೊಟ್ಟಿಗೆ ಹಿಟ್ಟು ಬೇಕೆಂದು ಬಂದವರು ಕಾಯುತ್ತಾರೆ, ಯಾರೂ ಗೊಣಗುವುದಿಲ್ಲ. ಮಕ್ಕಳು ಚೀಲ ಬಡಿದಾಡಿಕೊಂಡು, ಚಪ್ಪಲಿ ಕಳೆದುಕೊಂಡು, ಕೇಕೆ ಹಾಕುತ್ತ ಓಡಿಬರುತ್ತಾರೆ. ಕೊನೆಯ ಮಗು ಮನೆ ಸೇರುವ ತನಕ ಅವರು ನೋಡುತ್ತಾರೆ, ನಗುತ್ತಾರೆ. ಆಮೇಲೆ ಮರದ ಮೇಲೆ ಅಂಗೈ ಇಟ್ಟು, "ಇದು ನಮ್ಮದು" ಎಂದು ಹೇಳಿ ಗಿರಣಿಗೆ ಹೋಗುತ್ತಾರೆ.